ಕಾಂಗೋ ಕಡೆಯ ರಾಜಗತ್ತಿ, ಎಸೆಗತ್ತಿ, ಕೊಡಲಿ: ಗುರುತು ಹಿಡಿಯೋದ್ರಿಂದ ಮನೇಲಿ ಕಾಪಾಡೋ ತನಕ

ನಾನು ಮೊದಲು ದುಡ್ಡು ಕೊಟ್ಟು ತಂದ ಆಫ್ರಿಕಾದ ಕತ್ತಿ ಅಪ್ಪಟ ಡೂಪ್ಲಿಕೇಟು. ಬೆಲ್ಜಿಯಂಗೆ ಕೆಲಸಕ್ಕೆ ಬಂದು ಒಂದು ವರ್ಷ ಆಗಿತ್ತು, ಭಾನುವಾರ ಬೆಳಿಗ್ಗೆ ಗುಜರಿ ಸಂತೆ ಸುತ್ತೋ ಚಟ ಹತ್ತಿತ್ತು, ಒಂದು ಕಡೆ ಒಬ್ಬ "ಇದು ಕಾಂಗೋದಲ್ಲಿ ತಲೆ ಕಡಿಯೋಕೆ ಇಟ್ಟಿದ್ದ ಕತ್ತಿ, ನೂರೈವತ್ತು ವರ್ಷ ಹಳೇದು" ಅಂತ ಕಥೆ ಹೊಡೆದ, ನಾನು ಬಾಯಿ ಬಿಟ್ಕೊಂಡು ಕೇಳಿ 180 ಯೂರೋ ಎಣಿಸಿ ಕೊಟ್ಟು ಬಂದೆ. ಆರು ತಿಂಗಳಾದ ಮೇಲೆ ಹಿಡಿಗೆ ಸುತ್ತಿದ್ದ ತಂತಿ ಸಡಿಲ ಆಯ್ತು, ಬಿಗಿ ಮಾಡೋಣ ಅಂತ ಎರಡು ಸುತ್ತು ಬಿಚ್ಚಿದ್ರೆ ಒಳಗಡೆ ನಮ್ಮ ಗ್ರಿಲ್ ಅಂಗಡೀಲಿ ಕಿಟಕಿಗೆ ಹಾಕ್ತಾರಲ್ಲ, ಅದೇ ಥರ ವೆಲ್ಡಿಂಗ್ ಗಂಟು ಗಂಟಾಗಿ ಕೂತಿತ್ತು. ಅಲ್ಲಿಂದ ಕಲಿಯೋಕೆ ಶುರು ಮಾಡಿದ್ದು. ಈಗ ಒಂಬತ್ತು ವರ್ಷ ಆಯ್ತು, ಮನೇಲಿ ಹದಿನಾಲ್ಕು ಒಳ್ಳೇ ಪೀಸ್ ಇವೆ, ಬೇಡ ಅಂತ ಬಿಟ್ಟು ಬಂದಿದ್ದು ನೂರಾರು. ಆ ಬಿಟ್ಟು ಬಂದಿದ್ದೇ ಜಾಸ್ತಿ ಕಲಿಸಿದ್ದು.

ಆಫ್ರಿಕಾ ಪೂರ್ತಿ ಬರೆಯೋಕೆ ನನ್ನ ಕೈಲಿ ಆಗಲ್ಲ. ಐವತ್ತಕ್ಕೂ ಹೆಚ್ಚು ದೇಶ, ಸಾವಿರಾರು ಭಾಷೆ, ಒಂದೊಂದು ಕಡೆ ಕಮ್ಮಾರರದ್ದು ಒಂದೊಂದು ಕೈ. ನಾನು ಇರೋದು ಬೆಲ್ಜಿಯಂನಲ್ಲಿ, ಇಲ್ಲಿ ಅಟ್ಟದ ಮೇಲಿಂದ ಇಳಿಯೋದು ಹೆಚ್ಚಾಗಿ ಕಾಂಗೋ ಮಾಲು, ಯಾಕಂದ್ರೆ 1908ರಿಂದ 1960ರ ತನಕ ಅದು ಬೆಲ್ಜಿಯಂ ವಸಾಹತು, ಅದಕ್ಕೂ ಮುಂಚೆ 1885ರಿಂದ ರಾಜ ಎರಡನೇ ಲಿಯೋಪೋಲ್ಡ್‌ನ ಸ್ವಂತ ಆಸ್ತಿ ಥರ ಇತ್ತು. ಅಲ್ಲಿಗೆ ಹೋದ ಆಫೀಸರು, ಪಾದ್ರಿ, ರೈಲ್ವೆ ಇಂಜಿನಿಯರು ಎಲ್ಲಾ ವಾಪಸ್ ಬರುವಾಗ ಕತ್ತಿ ಈಟಿ ತಂದು ಗೋಡೆಗೆ ನೇತು ಹಾಕಿದ್ರು, ಈಗ ಮೊಮ್ಮಕ್ಕಳು ಅದನ್ನ ಬಾಕ್ಸಲ್ಲಿ ತುಂಬಿ ಸಂತೆಗೆ ತರ್ತಾರೆ. ಹಾಗಾಗಿ ಇಲ್ಲಿ ಬರೆದಿರೋದು ಜಾಸ್ತಿ ಕಾಂಗೋ ನದಿ ಬಯಲಿನ ಸಾಮಾನಿನ ಬಗ್ಗೆ, ಬೇರೆ ಕಡೇದು ಅಲ್ಲಲ್ಲಿ ಬರತ್ತೆ.

ಹೆಜ್ಜೆ 1: "ಸಮಾರಂಭದ ಆಯುಧ" ಅಂದ್ರೆ ಏನು ಅಂತ ಮೊದಲು ತಲೇಲಿ ಕ್ಲಿಯರ್ ಮಾಡ್ಕೊಳ್ಳಿ

ಕೊಡವರ ಒಡಿಕತ್ತಿ ನೆನಪು ಮಾಡ್ಕೊಳ್ಳಿ. ಯುದ್ಧಕ್ಕೆ ಅಂತ ಹುಟ್ಟಿದ್ದು, ಈಗ ಮದುವೇಲಿ ಬಾಳೆ ದಿಂಡು ಕಡಿಯೋಕೆ ಕೈಗೆ ಬರತ್ತೆ. ಆಯುಧ ಹೌದು, ಆದ್ರೆ ಅದನ್ನ ಹಿಡಿದವನು ಯಾರ ಮೇಲೂ ಬೀಸಲ್ಲ. ಕಾಂಗೋ ಕಡೇದು ಇನ್ನೂ ಸ್ವಲ್ಪ ಸಿಕ್ಕು. ಅಲ್ಲಿ ಕತ್ತಿ ಆಕಾರದಲ್ಲಿರೋ ಕಬ್ಬಿಣ ನಾಲ್ಕು ಥರದ್ದಿರಬಹುದು: ಯಜಮಾನ ತನ್ನ ಅಧಿಕಾರ ತೋರಿಸೋಕೆ ಸೊಂಟಕ್ಕೆ ಸಿಗಿಸೋದು, ಕುಣಿಯುವಾಗ ಹಿಡಿಯೋದು, ಹುಡುಗಿ ಮನೆಗೆ ತೆರ ಅಂತ ಕೊಡೋದು, ಬರೀ ದುಡ್ಡು. ಒಂದೇ ವಸ್ತು ಬೆಳಿಗ್ಗೆ ಒಂದಾಗಿ ಸಂಜೆ ಇನ್ನೊಂದು ಆಗಿರಬಹುದು.

ಇದು ಯಾಕೆ ಮುಖ್ಯ ಅಂದ್ರೆ ಸೆಲ್ಲರ್‌ಗಳು ಎಲ್ಲದಕ್ಕೂ ರಕ್ತದ ಕಥೆ ಹೇಳ್ತಾರೆ. ಕಿಸಂಗಾನಿ ಸುತ್ತಮುತ್ತ ಟೊಪೋಕೆ, ಲೊಕೆಲೆ ಜನರ ಹತ್ರ ಆಳೆತ್ತರದ ಈಟಿ ಎಲೆ ಇರತ್ತೆ, ಒಂದೂವರೆ ಮೀಟರ್ ಮೇಲೆ, ತೆಳು. ಅದನ್ನ "ದೈತ್ಯ ಯೋಧನ ಈಟಿ" ಅಂತ ಮಾರೋದು ನೋಡಿದೀನಿ. ಅದು ದುಡ್ಡು ಸ್ವಾಮಿ. ತೆರ ಕೊಡೋಕೆ ಬಳಸ್ತಿದ್ದ ಕಬ್ಬಿಣದ ನೋಟು ಅಂದ್ಕೊಳ್ಳಿ. ಅದಕ್ಕೆ ಕೋಲು ಸಿಗಿಸಿ ಯಾರೂ ಯುದ್ಧಕ್ಕೆ ಹೋಗಿಲ್ಲ. ನನ್ನ ಪ್ರಕಾರ ಕತ್ತಿ ನೋಡಿದ ತಕ್ಷಣ ಕೇಳ್ಬೇಕಾದ ಪ್ರಶ್ನೆ ಎಷ್ಟು ಹಳೇದು ಅನ್ನೋದಲ್ಲ, ಯಾರ ಕೈಲಿ ಇತ್ತು, ಅವರು ಇದನ್ನ ಇಟ್ಕೊಂಡು ಏನು ಮಾಡ್ತಿದ್ರು ಅನ್ನೋದು. ಅದಕ್ಕೆ ಉತ್ತರ ಸಿಕ್ರೆ ಹಿಡಿ ಹೇಗೆ ಸವೆದಿರಬೇಕು, ಅಲಗು ಎಷ್ಟು ದಪ್ಪ ಇರಬೇಕು ಅಂತ ತಾನಾಗೇ ಗೊತ್ತಾಗತ್ತೆ.

ಹೆಜ್ಜೆ 2: ಒಂದು ಏಳೆಂಟು ಆಕಾರ ಬಾಯಿಪಾಠ ಮಾಡಿ

ಎಲ್ಲಾ ಕಲಿಯೋಕೆ ಹೋಗ್ಬೇಡಿ, ಕೆಲವು ಆಕಾರ ಕಣ್ಣಿಗೆ ಕೂತ್ರೆ ಸಾಕು, ಉಳಿದಿದ್ದು ಆಮೇಲೆ ಅದರ ಪಕ್ಕದಲ್ಲಿಟ್ಟು ಕಲಿಯಬಹುದು.

ಕಾಂಗೋದ ಕಸಾಯಿ ಕಡೆಯ ಕೂಬಾ ಜನರ (ಕ್ಯೂಬಾ ದೇಶ ಅಲ್ಲ) ಇಕುಲ್ ನನಗೆ ಎಲ್ಲಕ್ಕಿಂತ ಇಷ್ಟ. ಎಲೆ ಆಕಾರದ ಅಲಗು, ಎರಡೂ ಕಡೆ ಬಾಯಿ, ಮರದ ಹಿಡಿ, ಹಿಡಿ ತುದಿಗೆ ದುಂಡನೆ ಬುಗುಟು, ಅದರಲ್ಲಿ ತಾಮ್ರ ಇಲ್ಲಾ ಹಿತ್ತಾಳೆ ಕೂರಿಸಿರ್ತಾರೆ. ಒಟ್ಟು ಉದ್ದ ಸುಮಾರು 35 ಸೆಂಟಿಮೀಟರ್. ಇದಕ್ಕೆ ಶಾಂತಿಯ ಕತ್ತಿ ಅಂತಾರೆ: 17ನೇ ಶತಮಾನದ ಕೂಬಾ ರಾಜ ಶ್ಯಾಮ್ ಅಂಬುಲ್ ಅಂಗೂಂಗ್ (ನಮ್ಮ ಶ್ಯಾಮ ಅಲ್ಲ!) ಎಸೆಗತ್ತಿ ಬಳಸಬಾರದು ಅಂತ ನಿಲ್ಲಿಸಿ ಅದರ ಜಾಗಕ್ಕೆ ಇದನ್ನ ತಂದ ಅನ್ನೋದು ಅಲ್ಲಿನ ಹೇಳಿಕೆ. ಕೂಬಾ ರಾಜರ ಮರದ ಪ್ರತಿಮೆಗಳಿವೆ, ಎನ್‌ಡೋಪ್ ಅಂತಾರೆ, ಅದರಲ್ಲಿ ರಾಜ ಚಕ್ಕಳಮಕ್ಕಳ ಹಾಕಿ ಕೂತು ಎಡಗೈಲಿ ಈ ಕತ್ತಿ ಹಿಡಿದಿರ್ತಾನೆ. 1907ರಿಂದ 1909ರ ತನಕ ಎಮಿಲ್ ಟೋರ್ಡೇ ಅನ್ನೋನು ಆ ಕಡೆ ತಿರುಗಾಡಿ ತಂದ ಸಾಮಾನು ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಆನ್‌ಲೈನಲ್ಲೇ ಫೋಟೋ ನೋಡಬಹುದು. ಇಕುಲ್ ಪೂರ್ತಿ ಮರದಲ್ಲೂ ಬರತ್ತೆ, ಅಲಗು ಸಮೇತ ಮರ, ಮೈ ತುಂಬಾ ಕೆತ್ತನೆ. ಅದು ಡೂಪ್ಲಿಕೇಟ್ ಅಲ್ಲ, ಅದೂ ಒಂದು ಪದ್ಧತಿ. ಕೂಬಾದಲ್ಲೇ ಇನ್ನೊಂದು ದೊಡ್ಡ ಕತ್ತಿ ಇದೆ, ಇಲ್‌ವೂನ್ ಅಂತ, ಅದೂ ಮೆರವಣಿಗೆಗೆ.

ಮಂಗ್ಬೆಟು ಜನರದ್ದು ಟ್ರುಂಬಾಶ್, ಈಗಿನ ಕಾಂಗೋದ ಈಶಾನ್ಯ ಮೂಲೆ. ಕುಡುಗೋಲಿನ ಥರ ಬಾಗಿರತ್ತೆ, ಬಾಗಿದ ಕಡೆ ಅಗಲ, ಸಾಮಾನ್ಯವಾಗಿ ಎರಡು ತೂತು, ಆ ಬಾಗಿಗೆ ತಕ್ಕ ಹಾಗೆ ನಡುವಲ್ಲಿ ಉಬ್ಬು ಗೆರೆ. ಹಿಡಿ ಮರ ಇಲ್ಲಾ ದಂತ. 1870ರಲ್ಲಿ ಜರ್ಮನ್ ಸಸ್ಯಶಾಸ್ತ್ರಜ್ಞ ಗಿಯೋರ್ಗ್ ಶ್ವೈನ್‌ಫುರ್ತ್ ಮಂಗ್ಬೆಟು ರಾಜ ಎಂಬುಂಜಾನ ಆಸ್ಥಾನಕ್ಕೆ ಹೋಗಿದ್ದ, ಅವನು ಬಿಡಿಸಿದ ಚಿತ್ರದಲ್ಲಿ ರಾಜನ ಕೈಲಿರೋದು ಇದೇ. ಒಂದು ಎಚ್ಚರಿಕೆ: ಹಿಡಿ ತುದೀಲಿ ಉದ್ದ ತಲೆಯ ಹೆಂಗಸಿನ ಮುಖ ಕೆತ್ತಿರೋದು ನೋಡಿದ ತಕ್ಷಣ "ಇದು ರಾಜನದ್ದು, ತುಂಬಾ ಹಳೇದು" ಅನ್ಬೇಡಿ. ಅಲ್ಲಿ ಮನುಷ್ಯ ಮುಖದ ಕೆತ್ತನೆ ಜೋರಾಗಿದ್ದು 1900ರ ನಂತರ, ಹೊರಗಿಂದ ಬಂದ ಆಫೀಸರು, ಸಂಗ್ರಹಕಾರರು ಕೇಳ್ತಾರೆ ಅಂತ. ಅಮೆರಿಕನ್ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಲ್ಯಾಂಗ್ ಮತ್ತು ಚಾಪಿನ್ 1909ರಿಂದ 1915ರ ತನಕ ಕಾಂಗೋದಲ್ಲಿ ಇದ್ರಲ್ಲ, ಆ ಹೊತ್ತಲ್ಲಿ ಇಂಥದ್ದು ಬೇಜಾನ್ ಆಯ್ತು. ಆದ್ರೂ ಅದು ನೂರು ವರ್ಷ ದಾಟಿದ್ದೇ, ಚೆನ್ನಾಗೇ ಇರತ್ತೆ, ಆದ್ರೆ ಕಥೆ ಬೇರೆ.

ಅಜಾಂಡೆ ಜನರ ಕ್ಪಿಂಗಾ ಎಸೆಗತ್ತಿ. ಒಂದು ಕಬ್ಬಿಣದ ಕಾಂಡ, ಅದರಿಂದ ಮೂರು ಕಡೆಗೆ ಅಲಗು ಚಾಚಿರತ್ತೆ, ಮರದ ಹಿಡಿ ಇರಲ್ಲ, ಕಾಂಡಕ್ಕೇ ನಾರೋ ತಂತಿಯೋ ಸುತ್ತಿರ್ತಾರೆ. ಇದು ನಿಜವಾಗ್ಲೂ ಎಸೆಯೋ ಆಯುಧವೇ, ಗುರಾಣಿ ಹಿಂದೆ ಮೂರ್ನಾಲ್ಕು ಸಿಗಿಸ್ಕೊಂಡು ಹೋಗ್ತಿದ್ರು, ಜೊತೆಗೆ ತೆರಕ್ಕೂ ನಡೀತಿತ್ತು. ಎಲ್ಲರ ಹತ್ರ ಇರ್ತಿರಲಿಲ್ಲ, ಅವೊಂಗಾರಾ ಅನ್ನೋ ಆಳುವ ಮನೆತನದ ಹಿಡಿತದಲ್ಲಿತ್ತು. ಎಸೆಗತ್ತಿಗಳಲ್ಲಿ ಮೋಟಾಗಿ ಎರಡು ಗುಂಪು: ಚಾಡ್, ಸೂಡಾನ್ ಕಡೇದು ಇಂಗ್ಲಿಷ್ ಎಫ್ ಅಕ್ಷರದ ಥರ ಉದ್ದಕ್ಕೆ ನಿಲ್ಲತ್ತೆ, ಕಾಂಗೋ, ಉಬಾಂಗಿ ನದಿಗಳ ಕಡೇದು ರೆಕ್ಕೆ ಬಿಚ್ಚಿದ ಥರ ಅಗಲಕ್ಕೆ ಹರಡತ್ತೆ. ಇಷ್ಟು ಗೊತ್ತಿದ್ರೆ ಅರ್ಧ ದಾರಿ ಬಂದ ಹಾಗೆ.

ಆಮೇಲೆ ನನ್ನ ಜೇಬಿಗೆ ಕತ್ತರಿ ಹಾಕಿದ ಎನ್‌ಗುಲು. ಎನ್‌ಗೊಂಬೆ, ಡೊಕೊ ಮುಂತಾದ ನದಿ ಪಕ್ಕದ ಜನರದ್ದು. ದೊಡ್ಡ ಅಲಗು, ಮೊದಲು ನೇರ ಹೋಗಿ ಆಮೇಲೆ ಕೊಕ್ಕೆ ಥರ ತಿರುಗತ್ತೆ, ಕೆಲವದಕ್ಕೆ ಎರಡು ಕೊಕ್ಕೆ. 19ನೇ ಶತಮಾನದ ಕೊನೇಲಿ ಯುರೋಪಿನ ಪತ್ರಿಕೆಗಳು ತಲೆ ಕಡಿಯೋ ಚಿತ್ರ ಹಾಕಿ ಹಾಕಿ ಇದಕ್ಕೆ "ಮರಣದಂಡನೆ ಕತ್ತಿ" ಅಂತ ಹೆಸರು ಅಂಟಿಸಿಬಿಟ್ವು, ಆ ಕೆಲಸಕ್ಕೂ ಬಳಸಿದಾರೆ, ಇಲ್ಲ ಅನ್ನಲ್ಲ, ಆದ್ರೆ ಬಹಳಷ್ಟು ಪೀಸು ಯಜಮಾನಿಕೆಯ ಗುರುತು, ಕುಣಿತದ ಕತ್ತಿ. ಆ ಹೆಸರಿನಿಂದಾನೇ ರೇಟು ಜಾಸ್ತಿ, ರೇಟು ಜಾಸ್ತಿ ಅಂತ ಡೂಪ್ಲಿಕೇಟ್ ಜಾಸ್ತಿ.

ಸೋಂಗ್ಯೆ ಕೊಡಲಿ ಒಂದ್ಸಲ ನೋಡಿದ್ರೆ ಮರೆಯಲ್ಲ. ಕೊಡಲಿ ಅಲಗಿನ ಜಾಗದಲ್ಲಿ ಕಬ್ಬಿಣದ ಸರಳುಗಳು ಜಾಲಿ ಕಟ್ಟಿರತ್ತೆ, ಸರಳಿನ ಮೇಲೆ ಪುಟ್ಟ ಪುಟ್ಟ ಮನುಷ್ಯ ಮುಖ, ಕಾವಿಗೆ ತಾಮ್ರದ ತಗಡು ಹೊದಿಸಿರ್ತಾರೆ. ಅದರಲ್ಲಿ ಸೌದೆ ಒಡೆಯೋಕೆ ಆಗಲ್ಲ, ಹೆಗಲ ಮೇಲೆ ಇಟ್ಕೊಂಡು ನಿಲ್ಲೋಕೆ ಮಾತ್ರ. ಪಕ್ಕದ ಲೂಬಾ ಜನರ ಕೊಡಲಿ ಸರಳ, ಅಲ್ಲಿ ಮರದ ಕಾವಿನ ತಲೇಲಿ ಒಂದು ಮುಖ ಕೆತ್ತಿರಬಹುದು. ಗಬಾನ್ ಕಡೆ ಕೋಟಾ, ಫಾಂಗ್ ಜನರದ್ದು ಹಕ್ಕಿ ತಲೆ ಕತ್ತಿ, ಮುಸೇಲೆ, ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯ ಥರ, ಕಣ್ಣಿನ ಜಾಗದಲ್ಲಿ ತ್ರಿಕೋನ ತೂತು.

ಕಾಂಗೋ, ಗಬಾನ್ ಬಿಟ್ಟು ಮೂರು ಮಾತ್ರ ಹೇಳ್ತೀನಿ. ನೈಜೀರಿಯಾದ ಬೆನಿನ್ ರಾಜ್ಯದ ಎಬೆನ್: ಬೀಸಣಿಗೆ ಥರ ಅಗಲದ ಜಾಲರಿ ಅಲಗು, ಒಬಾ ಅಂದ್ರೆ ರಾಜನ ಮುಂದೆ ಮುಖಂಡರು ಅದನ್ನ ಮೇಲೆ ಎಸೆದು ಹಿಡಿದು ಗೌರವ ಸಲ್ಲಿಸ್ತಾರೆ. ಘಾನಾದ ಅಶಾಂತಿ ರಾಜ್ಯದ ಕತ್ತಿಗಳ ಹಿಡಿ ಮರದ ಎರಡು ಗುಂಡು, ಅದಕ್ಕೆ ಚಿನ್ನದ ರೇಕು. ಸೂಡಾನ್‌ನಲ್ಲಿ ಮಹ್ದಿ ಅನ್ನೋ ಧಾರ್ಮಿಕ ನಾಯಕ ಕಟ್ಟಿದ ರಾಜ್ಯದ ಕಾಲದ, ಅಂದ್ರೆ 1881ರಿಂದ 1898, ಎಸೆಗತ್ತಿಗಳ ಮೇಲೆ ಪೂರ್ತಿ ಅರೇಬಿಕ್ ಅಕ್ಷರ ಆಸಿಡ್‌ನಲ್ಲಿ ಕೊರೆದಿರತ್ತೆ, ಲೋಹ ತೆಳು, ಅದನ್ನ ಎಸೆಯೋ ಉದ್ದೇಶ ಯಾರಿಗೂ ಇರಲಿಲ್ಲ.

ಹೆಜ್ಜೆ 3: ಕಬ್ಬಿಣ ಓದೋದು (ಇದೊಂದು ಬಂದ್ರೆ ಮುಕ್ಕಾಲು ಕೆಲಸ ಆಯ್ತು)

ಬೇಕಾಗೋದು 10 ಪಟ್ಟು ದೊಡ್ಡದು ಮಾಡೋ ಲೆನ್ಸು, ಮೊಬೈಲ್ ಟಾರ್ಚು, ಪುಟ್ಟ ಮ್ಯಾಗ್ನೆಟ್ಟು, ಟೈಲರ್ ಟೇಪು. ಸಾಧ್ಯ ಆದ್ರೆ ವರ್ನಿಯರ್.

ಮೊದಲು ದಪ್ಪ. ಕುಲುಮೇಲಿ ಬಡಿದ ಅಲಗು ಹಿಡಿ ಹತ್ರ ದಪ್ಪ ಇದ್ದು ತುದಿಗೆ ಹೋಗ್ತಾ ತೆಳು ಆಗತ್ತೆ, ಅದೂ ಒಂದೇ ಸಮ ಆಗಲ್ಲ, ಬೆರಳಲ್ಲಿ ಹಿಡಿದು ಸವರಿಕೊಂಡು ಹೋದ್ರೆ ಅಲ್ಲಲ್ಲಿ ಏರು ತಗ್ಗು ಸಿಗತ್ತೆ. ತಗಡು ಅಂಗಡೀಲಿ 3 ಎಂಎಂ ಶೀಟ್ ತಂದು ಗ್ರೈಂಡರಲ್ಲಿ ಕುಯ್ದಿದ್ದು ಎಲ್ಲಾ ಕಡೆ 3 ಎಂಎಂ ಇರತ್ತೆ, ಅಂಚು ಮಾತ್ರ ಉಜ್ಜಿರ್ತಾರೆ. ವರ್ನಿಯರಲ್ಲಿ ಐದು ಕಡೆ ಅಳೆದು ಐದೂ ಒಂದೇ ಬಂದ್ರೆ ಕೆಳಗೆ ಇಟ್ಟು ಥ್ಯಾಂಕ್ಸ್ ಹೇಳಿ ಬನ್ನಿ.

ಎರಡನೇದು ನನಗೆ ಬಹಳ ಇಷ್ಟದ ಗುರುತು. ಮಧ್ಯ ಆಫ್ರಿಕಾದ ಬಹಳಷ್ಟು ಅಲಗು, ಈಟಿ ಎಲೆಗಳಲ್ಲಿ ನಡು ಗೆರೆಯ ಎರಡು ಪಕ್ಕ ಒಂದೇ ಥರ ಇರಲ್ಲ. ಒಂದು ಮುಖ ನೋಡಿ, ಗೆರೆಯಿಂದ ಎಡಕ್ಕೆ ತಗ್ಗು, ಬಲಕ್ಕೆ ಉಬ್ಬು. ಈಗ ಕತ್ತಿ ಮಗುಚಿ ಹಿಂದಿನ ಮುಖ ನೋಡಿ, ಅಲ್ಲೂ ಎಡಕ್ಕೆ ತಗ್ಗು, ಬಲಕ್ಕೆ ಉಬ್ಬು! ಅಂದ್ರೆ ಅಡ್ಡ ಕುಯ್ದು ನೋಡಿದ್ರೆ ಇಂಗ್ಲಿಷ್ ಝಡ್ ಅಕ್ಷರ ಅಡ್ಡ ಮಲಗಿದ ಥರ ಕಾಣ್ತಿತ್ತು. ಇದನ್ನ ಸುತ್ತಿಗೆಯಲ್ಲಿ ತರೋಕೆ ಕೈ ಪಳಗಿರಬೇಕು. ಟೂರಿಸ್ಟ್ ಮಾಲು ಮಾಡೋರು ಇಷ್ಟು ತಲೆ ಕೆಡಿಸ್ಕೊಳ್ಳಲ್ಲ, ಚಾಣ ಇಟ್ಟು ಎರಡೂ ಕಡೆ ಒಂದೊಂದು ಗೀಟು ಎಳೆದು ಬಿಟ್ಟಿರ್ತಾರೆ. ಎಲ್ಲಾ ಅಸಲಿಯಲ್ಲೂ ಇದು ಇರಲೇಬೇಕು ಅಂತಿಲ್ಲ, ಇದ್ರೆ ನಂಬಿಕೆ ಜಾಸ್ತಿ ಅಷ್ಟೇ.

ಮೂರನೇದು ಮೈ. ಊರ ಕುಲುಮೇಲಿ ಅದಿರು ಕರಗಿಸಿ ತೆಗೆದ ಕಬ್ಬಿಣದಲ್ಲಿ ಕಿಟ್ಟ ಉಳಿದಿರತ್ತೆ, ಬಡಿದಾಗ ಅದು ಎಳೆ ಎಳೆಯಾಗಿ ಉದ್ದಕ್ಕೆ ಹೋಗತ್ತೆ. ಲೆನ್ಸ್ ಹಿಡಿದು ಅಂಚಿನ ಹತ್ರ ನೋಡಿದ್ರೆ ಹಳೇ ಮರದ ಎಳೆ ಥರ ಕಪ್ಪು ಗೆರೆ, ಎಲ್ಲೋ ಒಂದು ಕಡೆ ಪದರ ಬಿಟ್ಕೊಂಡಿರೋ ಸಣ್ಣ ಬಿರುಕು ಕಾಣತ್ತೆ. ಫ್ಯಾಕ್ಟರಿ ಉಕ್ಕಿಗೆ ಇದು ಬರಲ್ಲ. ಆದ್ರೆ ಇಲ್ಲೊಂದು ಗುಂಡಿ ಇದೆ, ನಾನೂ ಬಿದ್ದಿದೀನಿ: 19ನೇ ಶತಮಾನದ ಕೊನೆ ಹೊತ್ತಿಗೇ ಯುರೋಪಿನ ಕಬ್ಬಿಣದ ಪಟ್ಟಿ ಕಾಂಗೋ ಕಮ್ಮಾರರ ಕೈಗೆ ಸಿಗ್ತಿತ್ತು, ಅವರು ಅದರಲ್ಲೇ ಅಚ್ಚುಕಟ್ಟಾಗಿ ಕತ್ತಿ ಮಾಡಿದಾರೆ. ಹಾಗಾಗಿ ಕಿಟ್ಟ ಕಂಡ್ರೆ ಒಳ್ಳೇದು, ಕಾಣಲಿಲ್ಲ ಅಂತ ಮಾತ್ರಕ್ಕೆ ಡೂಪ್ಲಿಕೇಟ್ ಅನ್ನೋ ಹಾಗಿಲ್ಲ, ಆಗ ಸುತ್ತಿಗೆ ಗುರುತು, ದಪ್ಪ, ಆಕಾರ ಎಲ್ಲಾ ಸೇರಿಸಿ ನೋಡ್ಬೇಕು.

ತುಕ್ಕು ನೋಡೋದೂ ಒಂದು ಕಲೆ. ಹಳೇ ಕತ್ತಿ ಮನೇಲಿದ್ದು ಕೈಯಾಡಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿರತ್ತೆ, ಕಪ್ಪು ಕಂದು, ಗಟ್ಟಿ, ಉಗುರಲ್ಲಿ ಕೆರೆದ್ರೆ ಏಳಲ್ಲ. ಉಪ್ಪು, ಆಸಿಡ್ ಹಾಕಿ ಮಣ್ಣಲ್ಲಿ ಹೂತು ತಂದಿದ್ದು ಕಿತ್ತಳೆ ಬಣ್ಣ, ಬೆರಳಿಗೆ ಪುಡಿ ಅಂಟತ್ತೆ, ಮುಖ್ಯವಾಗಿ ಎಲ್ಲಾ ಕಡೆ ಒಂದೇ ಸಮ. ಕೈ ಉಜ್ಜೋ ಜಾಗದಲ್ಲೂ, ಸಂದೀಲೂ, ಅಂಚಲ್ಲೂ ಒಂದೇ ಥರ ತುಕ್ಕು ಹಿಡಿಯೋಕೆ ಹೇಗೆ ಸಾಧ್ಯ?

ಹೆಜ್ಜೆ 4: ಹಿಡಿ ಮತ್ತು ತಂತಿ

ಕಬ್ಬಿಣ ಮೋಸ ಮಾಡಿದ್ರೂ ಹಿಡಿ ಮಾಡಲ್ಲ. ಅಲಗಿನ ಬಾಲ ಸಾಮಾನ್ಯವಾಗಿ ಚೂಪು, ಅದನ್ನ ಕಾಯಿಸಿ ಮರದೊಳಗೆ ಇಳಿಸಿರ್ತಾರೆ, ಕೆಲವು ಸಲ ಹಿಂದೆ ಹೊರಗೆ ಬಂದು ಬಗ್ಗಿಸಿರತ್ತೆ. ಅಲಗು ಮರ ಸೇರೋ ಜಾಗಕ್ಕೆ ಟಾರ್ಚ್ ಬಿಡಿ. ಸುಟ್ಟ ಕಪ್ಪು, ಹಳೇ ಕೊಳೆ, ಮರ ಕುಗ್ಗಿ ಆಗಿರೋ ಕೂದಲೆಳೆ ಸಂದು ಇದ್ರೆ ಸರಿ. ಹೊಳೆಯೋ ಅಂಟು, ಎಪಾಕ್ಸಿ, ಮರದ ಹುಡಿ ಕಲಸಿ ತುಂಬಿದ್ದು ಇದ್ರೆ ಒಂದೋ ರಿಪೇರಿ, ಇಲ್ಲಾ ಜೋಡಣೆ. ಬೇರೆ ಬೇರೆ ಕತ್ತಿಯ ಅಲಗು ಹಿಡಿ ಸೇರಿಸಿ ಒಂದು ಮಾಡಿ ಮಾರೋದು ಸಿಕ್ಕಾಪಟ್ಟೆ ನಡೆಯತ್ತೆ.

ಸವೆತ ಎಲ್ಲಿದೆ ನೋಡಿ. ನೀವೇ ಹಿಡಿದುಕೊಳ್ಳಿ, ಹೆಬ್ಬೆರಳು ಎಲ್ಲಿ ಕೂರತ್ತೆ, ಅಂಗೈ ಎಲ್ಲಿ ಒತ್ತತ್ತೆ, ಅಲ್ಲಿ ಮರ ನಮ್ಮ ಅಜ್ಜಿ ಮನೆ ಬೀಸೋ ಕಲ್ಲಿನ ಗೂಟದ ಹಾಗೆ ನುಣ್ಣಗೆ ಮಿರುಗಬೇಕು, ಬೆರಳು ಹೋಗದ ಸಂದೀಲಿ ಮಂಕಾಗಿರಬೇಕು. ಡೂಪ್ಲಿಕೇಟಲ್ಲಿ ಬೂಟ್ ಪಾಲಿಶ್ ಹಚ್ಚಿ ಎಲ್ಲಾ ಕಡೆ ಮಿರುಗಿಸಿರ್ತಾರೆ, ಮೂಗಿಗೆ ಹಿಡಿದ್ರೆ ವಾಸನೆನೂ ಬರತ್ತೆ, ನಾಚಿಕೆ ಪಡದೆ ಮೂಸಿ ನೋಡಿ.

ತಂತಿಗೆ ಮ್ಯಾಗ್ನೆಟ್ ತಾಗಿಸಿ. ಹಿತ್ತಾಳೆ, ತಾಮ್ರ ಹಿಡಿಯಲ್ಲ. ಹಿತ್ತಾಳೆ ಬಣ್ಣ ಇದ್ದು ಮ್ಯಾಗ್ನೆಟ್ ಹಿಡೀತು ಅಂದ್ರೆ ಬಣ್ಣ ಹಾಕಿದ ಕಬ್ಬಿಣ ತಂತಿ, ಹೊಸದು. (ಒಳಗಿನ ಅಲಗಿನ ಬಾಲಕ್ಕೆ ಮ್ಯಾಗ್ನೆಟ್ ಎಳೀಬಹುದು, ಅದಕ್ಕೆ ಬಾಲ ಇಲ್ಲದ ಹಿಡಿ ತುದೀಲಿ ಟ್ರೈ ಮಾಡಿ.) ತಂತಿ ಒಂದೇ ಸಮ ದುಂಡಗೆ ಮೆಷಿನ್ ತಂತಿ ಥರ ಇದೆ ಅಂತ ಮಾತ್ರಕ್ಕೆ ಕೈ ಬಿಡಬೇಡಿ, ಯಾಕಂದ್ರೆ ಯುರೋಪಿಂದ ಹೋದ ಮಿಟಾಕೋ ಅನ್ನೋ ಹಿತ್ತಾಳೆ ಸರಳು ಕಾಂಗೋದಲ್ಲಿ ಆಗ ದುಡ್ಡಾಗೇ ಚಲಾವಣೇಲಿತ್ತು, ಕೂಲಿ ಕೂಡ ಅದರಲ್ಲೇ ಕೊಡ್ತಿದ್ರು, ಆ ಹಿತ್ತಾಳೆ ಎಷ್ಟೋ ಕತ್ತಿ ಹಿಡಿಗೆ ಏರಿದೆ. ಅಂದ್ರೆ ದುಡ್ಡನ್ನೇ ಹಿಡಿಗೆ ಸುತ್ತಿದ್ದು, ಶ್ರೀಮಂತಿಕೆ ತೋರಿಸೋಕೆ ಇದಕ್ಕಿಂತ ನೇರ ದಾರಿ ಯಾವುದು.

ಹೆಜ್ಜೆ 5: ಚೀಟಿ, ನಂಬರು, ಹಳೇ ಊರ ಹೆಸರು

ಬ್ರಸೆಲ್ಸ್‌ನ ಜ್ಯು ದ ಬಾಲ್ ಚೌಕದಲ್ಲಿ ದಿನಾ ಬೆಳಿಗ್ಗೆ ಗುಜರಿ ಸಂತೆ ಇರತ್ತೆ. ಮೂರು ವರ್ಷದ ಹಿಂದೆ ಮಳೆ ಬರ್ತಿರೋ ಒಂದು ಗುರುವಾರ, ನೆಲದ ಮೇಲೆ ಪಿಂಗಾಣಿ ತಟ್ಟೆ, ಒಡೆದ ರೇಡಿಯೋ ಮಧ್ಯೆ ಒಂದು ಕಬ್ಬಿಣದ ಎಲೆ ಇಣುಕ್ತಿತ್ತು. ಎತ್ತಿ ನೋಡಿದ್ರೆ ಇಕುಲ್. ಹಿಡಿಗೆ ದಾರದಲ್ಲಿ ಕಟ್ಟಿದ ಅಂಚೆ ಚೀಟಿಯಷ್ಟು ರಟ್ಟು, ಅದರಲ್ಲಿ ನೀಲಿ ಶಾಯಿ, ಫ್ರೆಂಚಲ್ಲಿ "ಲುಲುವಾಬೂರ್, 1931". ಮಾರ್ತಿದ್ದವನು ಆ ಚೀಟಿ ಕೊಳಕಾಗಿದೆ ಅಂತ ಕಿತ್ತು ಹಾಕೋಕೆ ಹೋದ, ನಾನು ಅವನ ಕೈ ಹಿಡಿದುಕೊಂಡೆ. 60 ಯೂರೋ. ಕತ್ತಿಗಿಂತ ಆ ಚೀಟಿಗೇ ಬೆಲೆ ಜಾಸ್ತಿ ಅಂತ ಅವನಿಗೆ ಗೊತ್ತಿರಲಿಲ್ಲ.

ವಸಾಹತು ಕಾಲದ ಊರ ಹೆಸರು ಕಲಿತುಕೊಳ್ಳಿ: ಲುಲುವಾಬೂರ್ ಈಗ ಕನಂಗಾ, ಕೊಕಿಯಾವಿಲ್ ಈಗ ಎಂಬಂಡಾಕಾ, ಸ್ಟ್ಯಾನ್ಲಿವಿಲ್ ಈಗ ಕಿಸಂಗಾನಿ, ಎಲಿಜಬೆತ್‌ವಿಲ್ ಈಗ ಲುಬುಂಬಾಶಿ, ಪೌಲಿಸ್ ಈಗ ಇಸಿರೊ. 1966ರಲ್ಲಿ ಅಧ್ಯಕ್ಷ ಮೊಬುಟು ಕಾಲದಲ್ಲಿ ದೊಡ್ಡ ಊರುಗಳ ಹೆಸರು ಬದಲಾಯ್ತು, ಹಾಗಾಗಿ ಹಳೇ ಹೆಸರು ಹಳೇ ಶಾಯೀಲಿ ಇದ್ರೆ ಅದಕ್ಕಿಂತ ಮುಂಚೇದು ಅನ್ನೋಕೆ ಒಂದು ಆಧಾರ. ಇಸಿರೊ ಇರೋದು ಮಂಗ್ಬೆಟು ಸೀಮೆ ಹತ್ರ, ಕನಂಗಾ ಇರೋದು ಕಸಾಯಿ ಕಡೆ, ಕೂಬಾ ನಾಡಿಗೆ ಹತ್ರ. ಚೀಟೀಲಿ ಪೌಲಿಸ್ ಅಂತಿದ್ದು ಕತ್ತಿ ಟ್ರುಂಬಾಶ್ ಆಗಿದ್ರೆ ಎರಡೂ ಒಂದಕ್ಕೊಂದು ಸಾಕ್ಷಿ ಹೇಳ್ತವೆ. "ಝೈರ್" (ಆಗ ಕಾಂಗೋ ದೇಶಕ್ಕಿದ್ದ ಹೆಸರು) ಅಂತಿದ್ರೆ 1971ರಿಂದ 1997ರ ಒಳಗೆ ಬರೆದಿದ್ದು, ಆಗ ಟೂರಿಸ್ಟ್ ಮಾಲು ಜೋರಾಗಿತ್ತು, ಹುಷಾರು. ಚೀಟಿನೂ ಡೂಪ್ಲಿಕೇಟ್ ಮಾಡ್ತಾರೆ, ಟೀ ಡಿಕಾಕ್ಷನ್‌ನಲ್ಲಿ ನೆನೆಸಿದ ಕಾಗದ ಅಂತ ಲೆನ್ಸಲ್ಲಿ ಗೊತ್ತಾಗತ್ತೆ, ಕಲೆ ಅಂಚಲ್ಲಿ ಕಟ್ಟಿರತ್ತೆ.

ಸೈಜು, ತೂಕ, ಫೋಟೋ ತಗೊಂಡು ಮ್ಯೂಸಿಯಂ ಪೀಸಿನ ಜೊತೆ ಹೋಲಿಸಿ. ಬ್ರಸೆಲ್ಸ್ ಪಕ್ಕ ಟೆರ್ವುರೆನ್‌ನಲ್ಲಿ ಆಫ್ರಿಕಾ ಮ್ಯೂಸಿಯಂ ಇದೆ, ಐದು ವರ್ಷ ರಿಪೇರಿಗೆ ಮುಚ್ಚಿ 2018ರ ಡಿಸೆಂಬರ್‌ನಲ್ಲಿ ಮತ್ತೆ ತೆಗೆದ್ರು. ಪ್ಯಾರಿಸ್‌ನ ಕೇ ಬ್ರಾನ್ಲಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಇವರ ಆನ್‌ಲೈನ್ ಕ್ಯಾಟಲಾಗ್ ಬೆಂಗಳೂರಲ್ಲಿ ಕೂತು ನೋಡಬಹುದು, ಫ್ರೀ. ಹರಾಜು ಫೋಟೋಗಳ ಮೇಲೆ ಮಾತ್ರ ಕಲಿಯಬೇಡಿ, ಅಲ್ಲಿ ಹೆಸರು ತಪ್ಪು ಹಾಕೋದು ಮಾಮೂಲು.

ಹೆಜ್ಜೆ 6: ಕೊಳ್ಳೋ ಮುಂಚೆ ಕೇಳ್ಬೇಕಾದ್ದು

ಸೆಲ್ಲರ್‌ಗೆ ಮೂರೇ ಪ್ರಶ್ನೆ: ಎಲ್ಲಿಂದ ಬಂತು, ಯಾರ ಮನೇದು, ಬರೆದು ಕೊಡ್ತೀರಾ. ಮೂರನೇದಕ್ಕೆ ಮುಖ ಸಿಂಡರಿಸಿದ್ರೆ ಮೊದಲೆರಡಕ್ಕೆ ಕೊಟ್ಟ ಉತ್ತರ ಮರೆತುಬಿಡಿ.

ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ, ಎಲ್ಲರೂ ಒಪ್ಪಲ್ಲ. ಲೂಟಿಯಿಂದ ಬಂದಿರಬಹುದು ಅನ್ನೋ ವಾಸನೆ ಬಂದ್ರೆ ನಾನು ಕೊಳ್ಳಲ್ಲ. 1897ರಲ್ಲಿ ಬ್ರಿಟಿಷರು ಬೆನಿನ್ ಅರಮನೆ ಸುಲಿದ್ರು, ಆ ಮಾಲು ಜಗತ್ತಿನ ತುಂಬಾ ಹರಡಿದೆ, 2022ರಲ್ಲಿ ಶುರುವಾದ ಡಿಜಿಟಲ್ ಬೆನಿನ್ ಅನ್ನೋ ಪಟ್ಟೀಲಿ 5 ಸಾವಿರಕ್ಕೂ ಹೆಚ್ಚು ವಸ್ತು ಇವೆ, ಹಳೇ ಎಬೆನ್ ಯಾರಾದ್ರೂ ತೋರಿಸಿದ್ರೆ ಮೊದಲು ಅಲ್ಲಿ ಹುಡುಕಿ. ಅಶಾಂತಿ ಅರಮನೆ ಸಾಮಾನು 1874ರಲ್ಲಿ ಬ್ರಿಟಿಷರ ಲೂಟೀಲೇ ಹೋಯ್ತು, ಅದರ ಪೈಕಿ ಒಂದಷ್ಟು, ಬೇರೆ ದಾರೀಲಿ ಬಂದಿದ್ದೂ ಸೇರಿ 32 ವಸ್ತು, 2024ರಲ್ಲಿ ಲಂಡನ್ನಿನ ಎರಡು ಮ್ಯೂಸಿಯಂಗಳು ಅಶಾಂತಿ ರಾಜಧಾನಿ ಕುಮಾಸಿಗೆ ಕಳಿಸಿದ್ವು, ಅದೂ ಸಾಲದ ಲೆಕ್ಕದಲ್ಲಿ! ಬೆಲ್ಜಿಯಂ ಕೂಡ 2022ರಲ್ಲಿ ಸರ್ಕಾರಿ ಮ್ಯೂಸಿಯಂಗಳ ವಸಾಹತು ಕಾಲದ ವಸ್ತು ವಾಪಸ್ ಕೊಡೋಕೆ ಅನುವಾಗೋ ಕಾನೂನು ಮಾಡಿತು. ಕಮ್ಮಾರನ ಹತ್ರ ದುಡ್ಡು ಕೊಟ್ಟು ತಂದ ಕತ್ತಿ ಬೇರೆ, ಊರು ಸುಟ್ಟು ಹೊತ್ಕೊಂಡು ಬಂದಿದ್ದು ಬೇರೆ. ಹಳೇ ಚೀಟಿ ಇದ್ರೆ ಒಳ್ಳೇದು ಅಂದೆನಲ್ಲ, ಅದೇ ಚೀಟಿ ಕೆಲವು ಸಲ ಕೊಳ್ಳಬೇಡ ಅಂತಾನೂ ಹೇಳತ್ತೆ.

ರೇಟಿನ ಬಗ್ಗೆ ಜಾಸ್ತಿ ಹೇಳಲ್ಲ, ವರ್ಷ ವರ್ಷ ಬದಲಾಗತ್ತೆ. ಹರಾಜಲ್ಲಿ ಬಿಡ್ ಮೇಲೆ ಹರಾಜು ನಡೆಸೋರ ಕಮಿಷನ್ 25 ಪರ್ಸೆಂಟ್ ಆಸುಪಾಸು ಬೀಳತ್ತೆ, ಅದನ್ನ ಸೇರಿಸಿಕೊಂಡು ಲಿಮಿಟ್ ಹಾಕಿ.

ಹೆಜ್ಜೆ 7: ಕಾನೂನು, ಅದರಲ್ಲೂ ಊರಿಗೆ ತರೋರು ಓದಲೇಬೇಕಾದ್ದು

ದಂತದ ಹಿಡಿ ಇದ್ರೆ ಇಂಡಿಯಾಗೆ ತರೋ ಯೋಚನೆನೇ ಬೇಡ. ನಮ್ಮ ವನ್ಯಜೀವಿ ಕಾಯ್ದೆ 1972ರದ್ದು, 1991ರ ತಿದ್ದುಪಡಿ ಆದ್ಮೇಲೆ ಆಫ್ರಿಕಾ ಆನೆ ದಂತದ ವ್ಯಾಪಾರಾನೂ ಬಂದ್. "ಹಳೇದು ಸಾರ್" ಅಂದ್ರೆ ಕಸ್ಟಮ್ಸ್‌ನವರು ಕೇಳಲ್ಲ. ಯುರೋಪಲ್ಲೂ 2022ರಿಂದ ಬಿಗಿ ಆಗಿದೆ, 1947ಕ್ಕಿಂತ ಹಳೇ ಕೆತ್ತನೆ ಕೆಲಸಕ್ಕೂ ಸರ್ಟಿಫಿಕೇಟ್ ಬೇಕು. ಹಿಡಿಗೆ ಉಡದ ಚರ್ಮ, ಒರೆಗೆ ಚಿರತೆ ಚರ್ಮ ಇದ್ರೂ ಇದೇ ತಲೆನೋವು, ಇವು ಕಾಂಗೋ ಕತ್ತಿಗಳಲ್ಲಿ ಮಾಮೂಲಾಗಿ ಇರತ್ತೆ, ಸರಿಯಾಗಿ ನೋಡಿ.

ಇನ್ನು ಆಯುಧ ಕಾಯ್ದೆ 1959. ಅದರ 2016ರ ನಿಯಮದಲ್ಲಿ 9 ಇಂಚಿಗಿಂತ ಉದ್ದ ಇಲ್ಲಾ 2 ಇಂಚಿಗಿಂತ ಅಗಲದ ಅಲಗಿನ ಕತ್ತಿ, ಈಟಿ, ಕೊಡಲಿ ಎಲ್ಲಾ ಆಯುಧದ ಪಟ್ಟೀಲೇ ಬರತ್ತೆ, ಮನೆ ಕೆಲಸ, ಹೊಲದ ಕೆಲಸದ್ದು ಬಿಟ್ಟು. ಹೊರದೇಶದಿಂದ ಆಯುಧ ತರೋಕೆ ಲೈಸೆನ್ಸ್ ಬೇಕು ಅಂತ ಕಾಯ್ದೇಲಿದೆ. ಹೊರಡೋ ಮುಂಚೆನೇ ಕಸ್ಟಮ್ಸ್‌ಗೆ ಬರೆದು ಕೇಳಿ ಉತ್ತರ ಇಟ್ಕೊಳ್ಳಿ, ಏರ್‌ಪೋರ್ಟು ವಾದ ಮಾಡೋ ಜಾಗ ಅಲ್ಲ. ನಾನಂತೂ ಒಂದೂ ತಂದಿಲ್ಲ, ಎಲ್ಲಾ ಇಲ್ಲೇ ಇವೆ, ಅಮ್ಮ "ಆ ಮಚ್ಚುಗಳನ್ನ ಅಲ್ಲೇ ಬಿಟ್ಟು ಬಾ" ಅಂದಿದಾರೆ ಬೇರೆ.

ಹೆಜ್ಜೆ 8: ಮನೇಲಿ ಇಟ್ಕೊಳ್ಳೋದು

ಮೊದಲ ನಿಯಮ, ಉಜ್ಜಬೇಡಿ. ಮರಳು ಕಾಗದ, ವೈರ್ ಬ್ರಶ್, ಹುಣಸೆಹಣ್ಣು, ವಿನೆಗರ್ ಏನೂ ಬೇಡ. ನಮ್ಮೋರಿಗೆ ಹಿತ್ತಾಳೆ ಕಂಡ್ರೆ ಪೀತಾಂಬರಿ ಹಾಕಿ ಫಳಫಳ ಮಾಡೋ ಚಪಲ, ಇಲ್ಲಿ ಅದು ಬೇಡವೇ ಬೇಡ, ನೂರು ವರ್ಷದ ಬಣ್ಣ ಐದು ನಿಮಿಷಕ್ಕೆ ಹೋಗತ್ತೆ. ಸಾಣೆ ಹಿಡಿಯೋದಂತೂ ಕೊಲೆ.

ಒಣ ಬಟ್ಟೇಲಿ ಧೂಳು ತೆಗೆಯಿರಿ, ಕಬ್ಬಿಣದ ಮೇಲೆ ಪುಡಿ ತುಕ್ಕು ಇದ್ರೆ ಮೆತ್ತನೆ ಬ್ರಶ್ಶಲ್ಲಿ ಉದುರಿಸಿ, ಆಮೇಲೆ ಮ್ಯೂಸಿಯಂನವರು ಬಳಸೋ ಮೈಕ್ರೋಕ್ರಿಸ್ಟಲೈನ್ ಮೇಣ ತೆಳುವಾಗಿ ಒಂದು ಕೈ ಹಚ್ಚಿ ಒರೆಸಿ. ರೆನೈಸಾನ್ಸ್ ವ್ಯಾಕ್ಸ್ ಅಂತ ಸಿಗತ್ತೆ, ಒಂದು ಡಬ್ಬಿ ನನಗೆ ಆರು ವರ್ಷ ಬಂದಿದೆ. ಬರಿಗೈಲಿ ಅಲಗು ಮುಟ್ಟಬೇಡಿ, ಬೆವರಿನ ಉಪ್ಪಿಂದ ಬೆರಳಚ್ಚು ಆಕಾರದಲ್ಲೇ ತುಕ್ಕು ಏಳತ್ತೆ, ನನ್ನ ಹೆಬ್ಬೆರಳು ಒಂದು ಕ್ಪಿಂಗಾ ಮೇಲೆ ಶಾಶ್ವತವಾಗಿ ಉಳಿದಿದೆ. ಗ್ಲೌಸ್ ಹಾಕೋಕೆ ಇನ್ನೊಂದು ಕಾರಣ, ಹಳೇ ಮ್ಯೂಸಿಯಂಗಳಿಂದ ಹೊರಗೆ ಬಂದ ಪೀಸುಗಳ ಹಿಡಿ, ಒರೆಗಳಿಗೆ ಹುಳ ಹಿಡೀದೇ ಇರಲಿ ಅಂತ ಹಿಂದೆ ಆರ್ಸೆನಿಕ್ಕು, ಡಿಡಿಟಿ ಹೊಡೆದಿರೋ ಸಾಧ್ಯತೆ ಇದೆ.

ಚರ್ಮದ ಒರೆ ಇದ್ರೆ ಕತ್ತಿ ಅದರೊಳಗೆ ಇಡಬೇಡಿ, ಚರ್ಮದಲ್ಲಿರೋ ಆಮ್ಲ, ತೇವ ಎರಡೂ ಕಬ್ಬಿಣ ತಿನ್ನತ್ತೆ, ಪಕ್ಕಪಕ್ಕ ಇಡಿ. ಹಿಡೀಲಿ ಸಣ್ಣ ತೂತು, ಕೆಳಗೆ ಹಿಟ್ಟಿನ ಥರ ಪುಡಿ ಕಂಡ್ರೆ ಹುಳ ಇದೆ ಅಂತ: ಪ್ಲಾಸ್ಟಿಕ್ ಕವರಲ್ಲಿ ಗಾಳಿ ಆಡದ ಹಾಗೆ ಸೀಲ್ ಮಾಡಿ ಮೈನಸ್ 20 ಡಿಗ್ರಿ ಫ್ರೀಜರಲ್ಲಿ ಎರಡು ವಾರ ಇಡಿ, ಹೊರಗೆ ತೆಗೆದ ಮೇಲೂ ಕವರ್ ಒಂದು ದಿನ ಬಿಚ್ಚಬೇಡಿ, ಇಲ್ಲಾಂದ್ರೆ ನೀರು ಕೂತು ಅಲಗು ತುಕ್ಕು ಹಿಡಿಯತ್ತೆ. (ಮನೆಯವರಿಗೆ ಮೊದಲೇ ಹೇಳಿ, ಬಟಾಣಿ ಪ್ಯಾಕೆಟ್ ಪಕ್ಕ ಕತ್ತಿ ನೋಡಿ ನನ್ನ ಹೆಂಡತಿ ಎರಡು ದಿನ ಮಾತು ಬಿಟ್ಟಿದ್ಲು.) ಮಂಗಳೂರು, ಉಡುಪಿ ಕಡೆ ಮನೆ ಇದ್ರೆ ಗಾಜಿನ ಬೀರು, ಒಳಗೆ ಸಿಲಿಕಾ ಜೆಲ್, ಮಳೆಗಾಲದಲ್ಲಿ ತಿಂಗಳಿಗೊಂದು ಸಲ ತೆಗೆದು ನೋಡೋದು. ತಂತಿ ಸಡಿಲ ಆದ್ರೆ ಬಿಗಿ ಮಾಡೋಕೆ ಹೋಗ್ಬೇಡಿ, ಬಿಳಿ ಹತ್ತಿ ದಾರದಲ್ಲಿ ಸುಮ್ನೆ ಕಟ್ಟಿಡಿ.

ಪ್ರತಿ ಪೀಸಿಗೂ ಒಂದು ನಂಬರ್ ಕೊಟ್ಟು ದಾರದ ಚೀಟೀಲಿ ಬರೆದು ಕಟ್ಟಿ, ಕಬ್ಬಿಣದ ಮೇಲೆ ಪೆನ್ನಲ್ಲಿ ಬರೀಬೇಡಿ. ಪುಸ್ತಕದಲ್ಲಿ ಆ ನಂಬರ್ ಹಾಕಿ ಉದ್ದ, ಅಗಲ, ತೂಕ, ಎಲ್ಲಿ ಯಾವ ದಿನ ಎಷ್ಟಕ್ಕೆ ಕೊಂಡ್ರಿ, ಮಾರಿದವನು ಏನು ಹೇಳಿದ, ನಿಮಗೆ ಏನು ಅನ್ಸತ್ತೆ, ಇವೆರಡನ್ನ ಬೇರೆ ಬೇರೆ ಬರೀರಿ. ಹಳೇ ಚೀಟಿ ಇದ್ರೆ ಅದನ್ನ ತೆಗೀಬೇಡಿ, ನಿಮ್ಮದು ಅದರ ಪಕ್ಕದಲ್ಲಿ ಕಟ್ಟಿ. ನನ್ನ ಇಕುಲ್‌ಗೆ ಈಗ ಎರಡು ಚೀಟಿ ಇದೆ, 1931ರದ್ದು ನೀಲಿ ಶಾಯಿ, ನನ್ನದು ಪೆನ್ಸಿಲ್ಲು.